ಗೈಡುಗಳ ಪರವಾಗಿ ಒಪ್ಪಿದವಳು

ಸಚಿವಾಲಯದ ಮೂರನೇ ಮಹಡಿಯಲ್ಲಿ ಅವಳಿಗೆ ಬೆಂಚಮ್ಮ ಅಂತ ಹೆಸರು ಬಿದ್ದಿತ್ತು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ ಅನ್ನಿ. ಬೆನ್ನ ಹಿಂದೆ ಮಾತ್ರ, ಟೈಪಿಸ್ಟಿನಿಂದ ಹಿಡಿದು ಲಿಫ್ಟಿನವನ ತನಕ, "ಬೆಂಚಮ್ಮ ಬಂದಾಯ್ತಾ? ಹಾಗಾದ್ರೆ ಆಫೀಸು ಶುರುವಾಯ್ತು ಬಿಡಿ" ಅನ್ನುತ್ತಿದ್ದರು. ಪ್ರವಾಸೋದ್ಯಮ ಮಂತ್ರಿಗಳ ಕೋಣೆಯ ಎದುರಿಗೆ ಒಂದು ಮರದ ಬೆಂಚಿತ್ತು. ಅದರ ಒಂದು ಕಾಲು ಗಿಡ್ಡ. ಯಾರೋ ಅಡಿಗೆ ರಟ್ಟು ಮಡಿಸಿ ತುರುಕಿದ್ದರು. ಕುಡಿಯುವ ನೀರಿನ ಯಂತ್ರಕ್ಕೂ ಬಾಗಿಲ ಮೇಲಿನ ಕೆಂಪು ದೀಪಕ್ಕೂ ನಡುವೆ, ಆ ಬೆಂಚಿನ ಮೇಲೆ ಅವಳು ವರ್ಷಗಟ್ಟಲೆ ಕೂತಳು. ಮೂವರು ಮಂತ್ರಿಗಳು ಬದಲಾದರು. ಬೆಂಚು ಬದಲಾಗಲಿಲ್ಲ, ಅವಳೂ ಬದಲಾಗಲಿಲ್ಲ.

ಕೂತಿದ್ದು ತನಗಾಗಿ ಅಲ್ಲ. ದೇಶದ ಹೋಟೆಲು ಮಾಲೀಕರು, ಟ್ರಾವೆಲ್ಸ್‌ನವರು, ಬಸ್ಸು ಕಾರು ಇಟ್ಟವರು, ದೋಣಿಯವರು, ಗೈಡುಗಳು ಎಲ್ಲ ಸೇರಿ ಕಟ್ಟಿಕೊಂಡಿದ್ದ ಪ್ರವಾಸೋದ್ಯಮ ಒಕ್ಕೂಟಕ್ಕೆ ಅವಳು ಕಾರ್ಯದರ್ಶಿ. ಸರ್ಕಾರದ ಹತ್ತಿರ ಹೋಗಿ ಒಕ್ಕೂಟದ ಕೆಲಸ ಮಾಡಿಸಿಕೊಂಡು ಬರುವುದು ಅವಳ ಪಾಲಿನ ಕೆಲಸ. ಮಾಡಿಸಿಕೊಂಡು ಬರುವುದು ಅಂದ ಕೂಡಲೇ ಜನ ಏನೇನೋ ಅಂದುಕೊಳ್ಳುತ್ತಾರೆ. ಕವರು, ಕಾರಿನ ಡಿಕ್ಕಿ, ಕಿವಿಯಲ್ಲಿ ಪಿಸುಮಾತು. ಅವಳ ಕೆಲಸದಲ್ಲಿ ಅದ್ಯಾವುದೂ ಇರಲಿಲ್ಲ. ಮುಕ್ಕಾಲು ಪಾಲು ಕಾಯುವುದು, ಮಿಕ್ಕಿದ್ದು ಮಾತು. ಮಂತ್ರಿ ಊಟ ಮಾಡಿ ಬಂದಿದ್ದಾರೋ ಹಸಿದುಕೊಂಡು ಬಂದಿದ್ದಾರೋ ಅಂತ ಬಾಗಿಲ ಜವಾನನ ಮುಖ ನೋಡಿಯೇ ಹೇಳಬಲ್ಲವಳಾಗಿದ್ದಳು. ಹಸಿದವರ ಹತ್ತಿರ ಯಾವತ್ತೂ ಬಾಯಿ ಬಿಡುತ್ತಿರಲಿಲ್ಲ. ಮೊದಲ ಭೇಟಿಯಲ್ಲಿ ಏನನ್ನೂ ಕೇಳುತ್ತಿರಲಿಲ್ಲ, ಎರಡನೆಯದರಲ್ಲಿ ಅವರೇ "ಏನಾಗ್ಬೇಕಿತ್ತು?" ಅಂತ ಕೇಳುವ ಹಾಗೆ ಮಾಡುತ್ತಿದ್ದಳು. ಅಧಿಕಾರಿಗಳಿಗೆ ಲೆಕ್ಕಾಚಾರ ಹೇಳುವವರು ಬೇಕಾದಷ್ಟು ಜನ ಇದ್ದರು. ಅವಳು ಮನುಷ್ಯರ ಕಥೆ ಹೇಳುತ್ತಿದ್ದಳು. "ಒಬ್ಬ ಪ್ರವಾಸಿ ವಿಮಾನದಿಂದ ಇಳಿದ ಅಂದ್ರೆ ಸರ್, ಹಾಸಿಗೆ ಚಾದರ ಒಗೆಯೋ ಹೆಂಗಸಿನ ಮನೇಲಿ ಒಲೆ ಹತ್ತುತ್ತೆ." ಈ ಮಾತನ್ನು ಎಷ್ಟು ಸಲ ಹೇಳಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಆದರೆ ಪ್ರತಿ ಸಲವೂ ಈಗ ತಾನೇ ಹೊಳೆದ ಹಾಗೆ ಹೇಳುತ್ತಿದ್ದಳು.

ಆ ವಿದ್ಯೆ ಅವಳಿಗೆ ಬಂದಿದ್ದು ಅಣ್ಣನಿಂದ.

ರಾಜಧಾನಿಯಿಂದ ಅರ್ಧ ದಿನದ ಬಸ್ಸಿನ ದಾರಿಯಲ್ಲಿ ಗುಡ್ಡದ ಮೇಲೊಂದು ಹಳೆ ಕೋಟೆ. ಅದರ ಬುಡದಲ್ಲಿ ಅವರ ಊರು. ಅಪ್ಪ ಹೋದ ಮೇಲೆ ಅಣ್ಣ ಓದು ಬಿಟ್ಟು ಕೋಟೆ ಬಾಗಿಲಲ್ಲಿ ಗೈಡಾಗಿ ನಿಂತ. ತಂಗಿ ಸ್ವಲ್ಪ ದೊಡ್ಡವಳಾದ ಮೇಲೆ ಅವಳನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡ. ಪರದೇಶದವರ ಹಿಂದೆ ಹಿಂದೆ ಸುತ್ತಿ ಅವಳು ನಾಲ್ಕು ಭಾಷೆ ಕಲಿತಳು. ಅಣ್ಣ ಕಲಿತಿದ್ದು ಎರಡೇ. ಆದರೆ ಆ ಎರಡರಲ್ಲೂ ಅವನು ಹೇಳುತ್ತಿದ್ದ ಸುಳ್ಳಿಗೆ ಎಣೆ ಇರಲಿಲ್ಲ. ಕೋಟೆಯ ಪಡುವಣ ಬುರುಜಿನಿಂದ ಒಬ್ಬ ರಾಣಿ, ಗಂಡ ಯುದ್ಧದಲ್ಲಿ ಸತ್ತ ಅಂತ ತಪ್ಪು ಸುದ್ದಿ ಕೇಳಿ, ಕೆಳಕ್ಕೆ ಹಾರಿಕೊಂಡಳಂತೆ. ರಾಜ ಗೆದ್ದು ಬಂದಾಗ ಅವಳ ಬಳೆ ಮಾತ್ರ ಸಿಕ್ಕಿತಂತೆ. ಈ ರಾಣಿ ಯಾವ ಪುಸ್ತಕದಲ್ಲೂ ಇಲ್ಲ. ಒಂದು ಮಧ್ಯಾಹ್ನ ಪ್ರವಾಸಿಗಳು ಆಕಳಿಸತೊಡಗಿದ್ದಕ್ಕೆ ಅಣ್ಣ ಅವಳನ್ನು ಹುಟ್ಟಿಸಿ, ಅದೇ ಮಧ್ಯಾಹ್ನ ಸಾಯಿಸಿದ್ದ. ಕೇಳಿದವರ ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ರಾಣಿ ದಿನಾ ಹಾರಿದಳು. ರಜಾ ದಿನಗಳಲ್ಲಿ ಎರಡೆರಡು ಸಲ. ಉಳಿದ ಗೈಡುಗಳು ಅವನಿಗೆ ರಾಣಿ ಗೈಡು ಅಂತಲೇ ಹೆಸರಿಟ್ಟರು.

"ಅಣ್ಣ, ಪಾಪ ಬರುತ್ತೆ ಕಣೋ," ಅಂತ ಅವಳು ರೇಗಿಸುತ್ತಿದ್ದಳು.

"ಬರೀ ಕಲ್ಲು ನೋಡಕ್ಕೆ ಯಾರೂ ಅಷ್ಟು ದೂರದಿಂದ ಬರಲ್ಲ ಪುಟ್ಟಿ. ಮನಸ್ಸು ಕರಗಿಸಿಕೊಳ್ಳೋಕೆ ಬರ್ತಾರೆ. ನಾವು ಕರಗಿಸಿ ಕಳಿಸ್ಬೇಕು," ಅನ್ನುತ್ತಿದ್ದ ಅವನು.

ಒಕ್ಕೂಟದ ಅಧ್ಯಕ್ಷರು ಅವಳನ್ನು ಮೊದಲು ನೋಡಿದ್ದು ಆ ಕೋಟೆಯಲ್ಲೇ. ಅವರು ಊರೂರಲ್ಲಿ ಹೋಟೆಲಿದ್ದ ದೊಡ್ಡ ಕುಳ. ವಿದೇಶದ ಅತಿಥಿಗಳ ಒಂದು ತಂಡವನ್ನು ಕರೆತಂದಿದ್ದರು. ತಂಡದಲ್ಲಿ ಒಬ್ಬಾತ ಬಿಸಿಲಿಗೆ ರೇಗಿ ಕೂಗಾಡುತ್ತಿದ್ದ. ಅವಳು ಅವನನ್ನು ನೆರಳಿಗೆ ಕೂರಿಸಿ, ನೀರು ಕೊಟ್ಟು, ಅವನ ಭಾಷೆಯಲ್ಲೇ ಅವನ ಊರಿನ ಚಳಿಯನ್ನು ಬೈದು, ಹತ್ತು ನಿಮಿಷದಲ್ಲಿ ನಗಿಸಿ ಎಬ್ಬಿಸಿದಳು. ಅಧ್ಯಕ್ಷರು ಅದನ್ನು ನೋಡುತ್ತಾ ನಿಂತಿದ್ದರು. "ನಿನ್ನಂಥವಳು ಇಲ್ಲಿ ಬಾಗಿಲು ಕಾಯೋದಲ್ಲಮ್ಮ. ಕಾಯೋ ಕೆಲಸವೇ ಬೇಕು ಅಂದ್ರೆ ದೊಡ್ಡ ಬಾಗಿಲು ತೋರಿಸ್ತೀನಿ," ಅಂದರು. ಹಾಗೆ ಅವಳು ರಾಜಧಾನಿಗೆ ಬಂದಳು. ಅಲ್ಲೇ ಫ್ರಿಜ್ ರಿಪೇರಿ ಮಾಡುವ ಒಬ್ಬ ಸಾಧು ಮನುಷ್ಯನನ್ನು ಮದುವೆಯಾದಳು, ಎರಡು ಕೋಣೆಯ ಮನೆ ಮಾಡಿದಳು. ಹಿಂದಿನ ಕೋಣೆಯಲ್ಲಿ ಸದಾ ಯಾರದೋ ಕೆಟ್ಟ ಫ್ರಿಜ್ಜು ಬಾಯಿ ತೆರೆದುಕೊಂಡು ನಿಂತಿರುತ್ತಿತ್ತು.

ಒಕ್ಕೂಟಕ್ಕೆ ಬೇಕಾಗಿದ್ದು ಒಂದೇ. ಪ್ರವಾಸೋದ್ಯಮಕ್ಕೆ ಕಾನೂನಿನಲ್ಲಿ ಉದ್ಯಮದ ಸ್ಥಾನ. ಹೆಸರಲ್ಲಿ ಉದ್ಯಮ ಅಂತಿದ್ದರೂ ಸರ್ಕಾರದ ಕಣ್ಣಿಗೆ ಅದು ಮೋಜು. ಕಾರ್ಖಾನೆಗೆ ಸಿಗುವ ತೆರಿಗೆ ವಿನಾಯಿತಿ, ವಿದ್ಯುತ್ ದರ, ಸಾಲ ಯಾವುದೂ ಸಿಗುತ್ತಿರಲಿಲ್ಲ. ಅದಕ್ಕೊಂದು ಮಸೂದೆ ತರಿಸಬೇಕಿತ್ತು. ಅವಳಿಗೆ ಅದರಲ್ಲಿ ತನ್ನದೂ ಒಂದು ಆಸೆ ಇತ್ತು. ಮಸೂದೆಯಲ್ಲಿ ಗೈಡುಗಳಿಗೆ ಒಂದು ಗುರುತು, ಬಿದ್ದರೆ ಎದ್ದರೆ ಆಸ್ಪತ್ರೆ ಖರ್ಚು, ಮುಪ್ಪಿಗೆ ಒಂದಿಷ್ಟು ಪಿಂಚಣಿ ಸೇರಿಸಬೇಕು ಅಂತ. ಅಧ್ಯಕ್ಷರು ಯಾವತ್ತೂ ಬೇಡ ಅನ್ನಲಿಲ್ಲ. "ಖಂಡಿತ, ಖಂಡಿತ. ಅವರೇ ಅಲ್ವಾ ನಮ್ಮ ಮುಖ" ಅನ್ನುತ್ತಿದ್ದರು.

ಆಮೇಲೊಂದು ಕೆಟ್ಟ ವರ್ಷ ಬಂತು. ಪಕ್ಕದ ದೇಶದಲ್ಲಿ ಗಲಾಟೆ ಎದ್ದು ಗಡಿ ಮುಚ್ಚಿದರು, ವಿಮಾನಗಳು ನಿಂತವು. ಹೋಟೆಲುಗಳಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿದರು. ಅದೇ ವರ್ಷ ಅಣ್ಣ ಬಿದ್ದ. ವಿಮಾನ ನಿಲ್ಲುವ ಮೊದಲು ಬಂದಿದ್ದ ಕೊನೆಯ ಪ್ರವಾಸಿಗಳಲ್ಲಿ ಒಂದು ವಯಸ್ಸಾದ ಗಂಡ ಹೆಂಡತಿ. ಅವರನ್ನು ಬುರುಜಿಗೆ ಹತ್ತಿಸುವಾಗ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿ, ಆ ಹೆಂಗಸಿನ ಕೈ ಹಿಡಿದುಕೊಂಡೇ ಕೆಳಗೆ ಬಂದ. ಅವಳ ಮಣಿಕಟ್ಟು ಮುರಿಯಿತು, ಇವನ ಮೊಣಕಾಲು ಚೂರಾಯಿತು. ಆ ಕಾಲು ಮತ್ತೆ ಪೂರ್ತಿ ಮಡಚಲೇ ಇಲ್ಲ.

ಊರೆಲ್ಲ ಕಂಗಾಲಾಗಿದ್ದ ಆ ಹೊತ್ತೇ ಮಸೂದೆಗೆ ಒಳ್ಳೆ ಹೊತ್ತು ಅಂತ ಅಧ್ಯಕ್ಷರಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಸಂಸತ್ತಿನ ಸಮಿತಿ ಉದ್ಯಮದವರ ಅಹವಾಲು ಕೇಳಲು ಒಪ್ಪಿತು. ಯಾರನ್ನು ಮಾತಾಡಿಸುವುದು? "ನಾನು ಹೋಗಿ ಕೂತ್ರೆ ಹೊಟ್ಟೆ ತುಂಬಿದವನು ಬಂದ ಅಂತಾರೆ," ಅಂದರು ಅಧ್ಯಕ್ಷರು. "ಕೆಳಗಿನವರು ಯಾರಾದ್ರೂ ಬೇಕು. ನಿಮ್ಮಣ್ಣ ಇದ್ದಾನಲ್ಲ?"

ಅಣ್ಣ ಹೆಂಡತಿಯನ್ನೂ ಕರೆದುಕೊಂಡು ಖುಷಿಯಿಂದಲೇ ರಾಜಧಾನಿಗೆ ಬಂದ. ತಂಗಿಯ ಗಂಡನ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತ. ಭುಜ ಸಡಿಲ, ತೋಳು ಗಿಡ್ಡ. ಭಾನುವಾರ ಮಧ್ಯಾಹ್ನ, ಮುಂದಿನ ಕೋಣೆಯಲ್ಲಿ ಅವನನ್ನು ಕುರ್ಚಿಯ ಮೇಲೆ ಕೂರಿಸಿ ಅವಳು ಮಾತು ಕಲಿಸಿದಳು. ಅವನು ಗಂಟಲು ಸರಿ ಮಾಡಿಕೊಂಡು ಶುರು ಮಾಡಿದ: "ಮಾನ್ಯರೇ, ಮುನ್ನೂರು ವರ್ಷದ ಹಿಂದೆ ನಮ್ಮ ಕೋಟೆಯಲ್ಲಿ ಒಬ್ಬಳು ರಾಣಿ..."

"ಅಣ್ಣ, ಅಲ್ಲಿ ರಾಣಿ ಬೇಡ. ನಿನ್ನ ಕಾಲು ಸಾಕು."

"ಕಾಲಿನ ಕಥೆ ಏನಿದೆ? ಜಾರಿದೆ, ಬಿದ್ದೆ."

"ಅದನ್ನೇ ಹೇಳು. ಹ್ಯಾಗೆ ಜಾರಿದೆ, ಆ ಹೆಂಗಸಿಗೆ ಏನಾಯ್ತು, ನಿನ್ನನ್ನ ಯಾರು ಕೇಳಿದ್ರು ಅಂತ. ಆಮೇಲೆ, ನಮಗೆ ಯಾರೂ ಏನೂ ಕಲಿಸಲಿಲ್ಲ, ತರಬೇತಿ ಅನ್ನೋದೇ ಇಲ್ಲ, ಅವರಿವರ ಬಾಯಲ್ಲಿ ಕೇಳಿ ಕಲ್ತಿದ್ದು ಅಂತ ಹೇಳು."

ಅಣ್ಣನ ಮುಖ ಗಂಟಾಯಿತು. "ಅದ್ಯಾಕೆ ಹೇಳ್ಬೇಕು? ಗಡ್ಡ ಮೂಡೋಕೆ ಮುಂಚಿನಿಂದ ಆ ಬಾಗಿಲಲ್ಲಿ ನಿಂತಿದ್ದೀನಿ. ನಾನೇ ನನ್ನ ಮರ್ಯಾದೆ ತೆಗೆದುಕೊಳ್ಳಲಾ?"

"ಅಯ್ಯೋ ಅನ್ನಿಸ್ಬೇಕು ಅಣ್ಣ. ಅಯ್ಯೋ ಅನ್ನಿಸಿದ್ರೆ ಮಾತ್ರ ಅವರ ಪೆನ್ನು ಓಡೋದು. ಮನಸ್ಸು ಕರಗಿಸ್ಬೇಕು ಅಂತ ನೀನೇ ಹೇಳ್ತಿದ್ದೆ ತಾನೆ?"

ಅವನು ಕೋಟಿನ ಗಿಡ್ಡ ತೋಳನ್ನು ಕೆಳಕ್ಕೆ ಎಳೆದುಕೊಂಡ. ಆಮೇಲೆ "ಸರಿ, ದೊಡ್ಡವರ ಜೊತೆ ಓಡಾಡೋಳು ನೀನು. ನೀನು ಹೇಳಿದ ಹಾಗೆ," ಅಂದ. ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೂ ಈ ಮಾತು ಹಿಡಿಸಲಿಲ್ಲ. ಆದರೆ ನಾದಿನಿಯ ಮಾತಿಗೆ ಎದುರಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಎಷ್ಟಾದರೂ ಮಂತ್ರಿಗಳ ಬಾಗಿಲು ಕಂಡವಳು.

ಸಮಿತಿಯ ಮುಂದೆ ಅಣ್ಣ ಕರಾರುವಾಕ್ಕಾಗಿ ಹೇಳಿದ. ಉದ್ದ ಮೇಜು, ಹಸಿರು ಬಟ್ಟೆ, ಒಬ್ಬೊಬ್ಬರ ಮುಂದೊಂದು ನೀರಿನ ಬಾಟಲಿ. ಎದುರಿಗೆ ಮಡಚದ ಕಾಲನ್ನು ಉದ್ದಕ್ಕೆ ಚಾಚಿಕೊಂಡು ಕೂತಿದ್ದ ಅವನು ಒಮ್ಮೆಯೂ ದನಿ ಏರಿಸಲಿಲ್ಲ. "ಬಿದ್ದಾಗ ಆಯಮ್ಮ ನನ್ನ ಕೈ ಬಿಡಲಿಲ್ಲ ಸ್ವಾಮಿ. ನಾನು ಗೈಡು ಅಂತ ನಂಬಿ ಹಿಡಿದಿದ್ರು. ನನಗೆ ಬರೋದು ಏನೂ ಇಲ್ಲ. ಯಾರೂ ಕಲಿಸಲಿಲ್ಲ. ಯಾವ ಮೆಟ್ಟಿಲು ಜಾರುತ್ತೆ ಅಂತ ನಾನು ಕಲ್ತಿದ್ದು ಬಿದ್ದ ಮೇಲೇನೇ." ಒಬ್ಬ ಸದಸ್ಯೆ ಕನ್ನಡಕ ತೆಗೆದು ಒರೆಸಿಕೊಂಡಳು. ಮಂತ್ರಿ ತಾವೇ ಎದ್ದು ಬಂದು ಅವನ ಕೈ ಹಿಡಿದರು. ಮಾರನೇ ದಿನ ಪೇಪರಿನಲ್ಲಿ ಫೋಟೋ ಬಂತು. ಅಣ್ಣ ಆ ಪೇಪರನ್ನು ಬಸ್ಸಿನಲ್ಲಿ ಪಕ್ಕದವರಿಗೆಲ್ಲ ತೋರಿಸುತ್ತಾ ಊರಿಗೆ ಹೋದ.

ಮಸೂದೆ ಓಡತೊಡಗಿತು. ಎಷ್ಟು ಬೇಗ ಅಂದರೆ ಅವಳಿಗೇ ಹೆದರಿಕೆಯಾಗುವಷ್ಟು ಬೇಗ. ಸರ್ಕಾರದಲ್ಲಿ ನಿಂತಿದ್ದು ಓಡಿದರೆ ಯಾರೋ ಹಿಂದಿನಿಂದ ತಳ್ಳುತ್ತಿದ್ದಾರೆ ಅಂತಲೇ ಅರ್ಥ. ತಳ್ಳುತ್ತಿದ್ದವರು ಯಾರು ಅಂತ ಹೇಳಿದ್ದು ಇಲಾಖೆಯ ಅಧೀನ ಕಾರ್ಯದರ್ಶಿ. ಅವಳ ವಯಸ್ಸಿನದೇ ಒಬ್ಬ ಹೆಂಗಸು. ಇಷ್ಟು ವರ್ಷದಲ್ಲಿ ಬೆಂಚಿನ ಪರಿಚಯ ಸ್ನೇಹವಾಗಿ ತಿರುಗಿತ್ತು. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಆಕೆ ಸುಮ್ಮನೆ ಅಂದಳು, "ಗೈಡುಗಳ ಕಲಮು ಒಪ್ಪಿಕೊಂಡ್ರಲ್ಲ, ಅದೊಂದು ದೊಡ್ಡ ವಿಷಯ ಬಿಡಿ. ನೀವು ಜಗಳಕ್ಕೆ ಬರ್ತೀರಿ ಅಂತ ನಾನು ಅಂದುಕೊಂಡಿದ್ದೆ."

"ಯಾವ ಕಲಮು?"

ಆಕೆ ಲೋಟ ಕೆಳಗಿಟ್ಟಳು. "ನಿಮಗೆ ಗೊತ್ತಿಲ್ವಾ? ನಿಮ್ಮ ಅಧ್ಯಕ್ಷರೇ ಹೋದ ವಾರ ಬಂದು ಸೇರಿಸಿ ಹೋಗಿದ್ದು. ಇನ್ನು ಮುಂದೆ ನೋಂದಾಯಿಸಿದ ಸಂಸ್ಥೆಯ ನೌಕರರಾಗಿದ್ರೆ ಮಾತ್ರ ಗೈಡು. ತರಬೇತಿ ಮುಗಿಸಿದ ಪತ್ರ ಬೇಕು, ಇಷ್ಟು ಓದಿರಬೇಕು, ಮೈಯಲ್ಲಿ ಊನ ಇರಬಾರದು. ಬಾಗಿಲಲ್ಲಿ ನಿಂತು ಪ್ರವಾಸಿಗಳನ್ನ ಕರೆಯೋರೆಲ್ಲ ಇನ್ನು ಅಕ್ರಮ. ಕಾರಣದಲ್ಲಿ ನಿಮ್ಮಣ್ಣನ ಮಾತನ್ನೇ ಹಾಕಿದ್ದಾರೆ. ತರಬೇತಿ ಇಲ್ಲದವರಿಂದ ಪ್ರವಾಸಿಗಳ ಪ್ರಾಣಕ್ಕೆ ಅಪಾಯ ಅಂತ."

ಅವಳು ಒಂದೊಂದೇ ಕೇಳಿದಳು. ಪಿಂಚಣಿ? ಇದೆ. ಆಸ್ಪತ್ರೆ ಖರ್ಚು? ಅದೂ ಇದೆ. ಸಂಸ್ಥೆಯ ನೌಕರರಿಗೆ.

ಅಲ್ಲಿಂದ ಸೀದಾ ಅಧ್ಯಕ್ಷರ ಆಫೀಸಿಗೆ ಹೋದಳು. ಅವರು ಸಿಟ್ಟಾಗಲೂ ಇಲ್ಲ, ಮುಚ್ಚಿಡಲೂ ಇಲ್ಲ. ಕಿಟಕಿಯ ಪರದೆ ಸರಿಸುತ್ತಾ, ಮಗಳಿಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದರು: "ನೋಡಮ್ಮ, ನಮ್ಮ ಹೋಟೆಲಿಗೆ ಬಂದ ಅತಿಥಿ ಕೋಟೆ ಬಾಗಿಲಿಗೆ ಹೋದ ತಕ್ಷಣ ಹತ್ತು ಜನ ಮುತ್ತಿಕೊಳ್ತಾರೆ. ಅವನು ವಾಪಸ್ ಹೋಗಿ ಬರೆಯೋದು ನಮ್ಮ ಹೋಟೆಲಿನ ಬಗ್ಗೆ. ಗೈಡುಗಳು ನಮ್ಮ ಕೈಕೆಳಗೇ ಇದ್ರೆ ಶಿಸ್ತು ಇರುತ್ತೆ. ಇನ್ನು ನಿಮ್ಮಣ್ಣನಂಥವರು, ಹೇಳು, ಆ ರಾಣಿ ಕಥೆ ನಿಜವಾ?"

ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಈಗ ನೀನು ಬಾಯಿ ತೆರೆದ್ರೆ ಮಸೂದೆ ಪೂರ್ತಿ ನಿಂತು ಹೋಗುತ್ತೆ. ಅಧಿವೇಶನ ಮುಗಿಯುತ್ತೆ, ಮುಂದಿನ ಸಲ ಯಾವ ಮಂತ್ರಿಯೋ ಏನೋ. ಇಷ್ಟು ವರ್ಷ ಕೂತಿದ್ದು ಯಾಕೆ? ಮೊದಲು ಆಗಿ ಹೋಗ್ಲಿ. ಸಣ್ಣಪುಟ್ಟದ್ದನ್ನ ನಿಯಮ ಮಾಡೋವಾಗ ಸರಿ ಮಾಡ್ಕೊಳ್ಳೋಣ. ನಾನೇ ಮುಂದೆ ನಿಂತು ಮಾಡಿಸ್ತೀನಿ."

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಫ್ರಿಜ್ಜಿನ ಹಿಂದೆ ತಲೆ ತೂರಿಸಿದ್ದವನು ಹೊರಗೆ ಬಂದು, "ನಿಮ್ಮಣ್ಣನಿಗೆ ಒಂದು ಫೋನ್ ಮಾಡಿ ಹೇಳಿಬಿಡು," ಅಂದ. ಅವಳು ಫೋನ್ ಕೈಗೆತ್ತಿಕೊಂಡಳು, ಮತ್ತೆ ಇಟ್ಟಳು. ನಿಯಮ ಮಾಡುವಾಗ ಸರಿ ಹೋಗುವ ವಿಷಯಕ್ಕೆ ಈಗಲೇ ಯಾಕೆ ಅವರ ತಲೆ ಕೆಡಿಸಬೇಕು ಅಂತ ತನಗೆ ತಾನೇ ಹೇಳಿಕೊಂಡಳು. ಇನ್ನೊಬ್ಬರ ಮನಸ್ಸು ತಿರುಗಿಸುವುದನ್ನೇ ಕಸುಬು ಮಾಡಿಕೊಂಡವಳಿಗೆ ತನ್ನ ಮನಸ್ಸನ್ನು ತಿರುಗಿಸಿಕೊಳ್ಳುವುದು ಕಷ್ಟವಾಗಲಿಲ್ಲ.

ಕೊನೆಯ ಸಮಾಲೋಚನೆ ಸಭೆಯಲ್ಲಿ ಅಧ್ಯಕ್ಷರು, ಟ್ರಾವೆಲ್ಸ್‌ನ ಇಬ್ಬರು, ಅಧಿಕಾರಿಗಳು ಇದ್ದರು. ಅವಳು ಕೊನೆಯ ಕುರ್ಚಿಯಲ್ಲಿದ್ದಳು. ಮಂತ್ರಿ ಒಂದೊಂದೇ ಕಲಮು ದಾಟುತ್ತಾ ಗೈಡುಗಳ ಕಲಮಿಗೆ ಬಂದು ತಲೆ ಎತ್ತಿದರು. ಅವರಿಗೆ ಬೆಂಚಿನ ಹೆಂಗಸನ್ನು ಕಂಡರೆ ಒಂದು ವಿಶ್ವಾಸ. "ಏನಮ್ಮ, ಇದು ನಿನ್ನ ಜನದ್ದು. ನೀನೂ ಗೈಡಾಗಿದ್ದವಳೇ. ಅವರಿಗೆ ಒಪ್ಪಿಗೆ ತಾನೆ?"

ಎಲ್ಲರೂ ಅವಳ ಕಡೆ ತಿರುಗಿದರು. ಅಧ್ಯಕ್ಷರು ತಿರುಗಲಿಲ್ಲ, ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಅಧೀನ ಕಾರ್ಯದರ್ಶಿ ಮಾತ್ರ ಕಣ್ಣಲ್ಲೇ ಏನೋ ಹೇಳುತ್ತಿದ್ದಳು. ಇಲ್ಲ ಅನ್ನಲು ಅರ್ಧ ಉಸಿರು ಸಾಕಾಗಿತ್ತು.

"ಒಪ್ಪಿಗೆ ಇದೆ ಸರ್," ಅಂದಳು.

"ಮುಗೀತಲ್ಲ, ಮುಂದೆ ಹೋಗೋಣ," ಅಂದರು ಮಂತ್ರಿ.

ಮಸೂದೆ ಪಾಸಾದ ದಿನ ಒಕ್ಕೂಟದ ಆಫೀಸಿನಲ್ಲಿ ಸಂಭ್ರಮವೋ ಸಂಭ್ರಮ. ಅಧ್ಯಕ್ಷರು ಅವಳನ್ನು ಮುಂದೆ ಕರೆದು, ಭುಜದ ಮೇಲೆ ಶಾಲು ಹಾಕಿ, "ಇವಳು ಕೂತು ಕೂತೇ ಗೆದ್ದಳು!" ಅಂತ ತಮಾಷೆ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಪೇಪರಿನವರು ಫೋಟೋ ತೆಗೆದರು. ಅವಳೂ ನಕ್ಕಳು. ಅಣ್ಣನೂ ಫೋನ್ ಮಾಡಿದ. "ಗೆದ್ದೆಯಲ್ಲ ಪುಟ್ಟಿ! ಇಲ್ಲಿ ಬಾಗಿಲಲ್ಲಿ ಎಲ್ಲಾ ಕುಣೀತಾ ಇದ್ದಾರೆ. ಇನ್ನು ಈ ಕಾಲಿಗೊಂದು ಆಪರೇಷನ್ ಮಾಡಿಸ್ಕೋಬಹುದು ಅಲ್ವಾ?" ಅವಳು "ಹೂಂ ಅಣ್ಣ, ನೋಡೋಣ" ಅಂದಳು.

ಗಡಿ ತೆರೆಯಿತು, ವಿಮಾನಗಳು ಬರತೊಡಗಿದವು. ಅದರ ಜೊತೆಗೇ ಕೋಟೆ ಬಾಗಿಲಿಗೆ ಹೊಸ ಕಾವಲುಗಾರರು ಬಂದರು, ಕಬ್ಬಿಣದ ಅಡ್ಡಕಂಬಿ ಬಂತು. ಕತ್ತಿನಲ್ಲಿ ಸಂಸ್ಥೆಯ ಗುರುತಿನ ಚೀಟಿ ಇಲ್ಲದವರಿಗೆ ಒಳಗೆ ಕೆಲಸ ಇಲ್ಲ. ಹಳೆ ಗೈಡುಗಳು ಮೊದಲು ನಕ್ಕರು, ಆಮೇಲೆ ಜಗಳವಾಡಿದರು, ಆಮೇಲೆ ಕಾವಲುಗಾರರ ಕಾಲಿಗೂ ಬಿದ್ದರು. ಅಣ್ಣ ಎರಡು ಸಲ ನುಗ್ಗಲು ಹೋಗಿ, ಎರಡನೇ ಸಲ ಪ್ರವಾಸಿಗಳ ಎದುರಿಗೇ ಕಾಲರ್ ಹಿಡಿಸಿಕೊಂಡ. ಏನೋ ತಪ್ಪಾಗಿದೆ, ಒಕ್ಕೂಟಕ್ಕೆ ಹೇಳಿದರೆ ಸರಿಹೋಗುತ್ತೆ ಅಂತ ಅವರೆಲ್ಲ ಒಂದು ವ್ಯಾನು ಮಾಡಿಕೊಂಡು ರಾಜಧಾನಿಗೆ ಬಂದರು. ಮುಂದಾಳು ಅಣ್ಣನೇ. ತಂಗಿ ಇರುವಾಗ ಭಯವೇನು?

ಅಧ್ಯಕ್ಷರು ಎಲ್ಲರನ್ನೂ ಕೂರಿಸಿ ಚಹಾ ಕೊಡಿಸಿದರು. ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಅವಳ ಕಡೆ ಕೈ ತೋರಿಸಿದರು. "ನಾವು ಹೋಟೆಲಿನವರು, ಗೈಡುಗಳ ವಿಷಯ ನಮಗೇನು ಗೊತ್ತು? ಮಂತ್ರಿಗಳು ಅದನ್ನೇ ಕೇಳಿದ್ರು. ಒಪ್ಪಿಗೆ ಇದೆ ಅಂತ ಹೇಳಿದ್ದು ನಿಮ್ಮವಳೇ. ಬೇಕಾದ್ರೆ ಕೇಳಿ."

ಅಣ್ಣ ಕುರ್ಚಿ ಹಿಡಿದುಕೊಂಡು ಕಷ್ಟಪಟ್ಟು ಎದ್ದು, ಅವಳ ಹತ್ತಿರ ಬಂದ. "ಹೌದೇನೆ?"

"ಅಣ್ಣ, ನಿಯಮ ಮಾಡೋವಾಗ ಸರಿ ಮಾಡ್ಬಹುದು ಅಂತ..."

"ಅದಲ್ಲ ನಾನು ಕೇಳಿದ್ದು. ಮುಂಚೆನೇ ಗೊತ್ತಿತ್ತಾ?"

ಅವಳು ಹೌದೆಂದು ತಲೆಯಾಡಿಸಿದಳು.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. "ಜೀವಮಾನವೆಲ್ಲ ಸುಳ್ಳು ಹೇಳ್ದೆ ಕಣೆ," ಅಂದ. "ಯಾರೂ ನನ್ನ ಒಂದು ಕೂದಲೂ ಕೊಂಕಿಸಲಿಲ್ಲ. ನಿನ್ನ ಮಾತು ಕಟ್ಟಿಕೊಂಡು ಒಂದೇ ಒಂದು ಸಲ ನಿಜ ಹೇಳ್ದೆ ನೋಡು." ಆಮೇಲೆ ಕುಂಟುತ್ತಾ ಹೊರಟುಹೋದ. ಉಳಿದವರು ಅವನ ಹಿಂದೆ ಹೋದರು. ಒಬ್ಬ ಮಾತ್ರ ದಾಟುವಾಗ ನಿಂತು, "ಶಾಲು ಚೆನ್ನಾಗಿತ್ತಮ್ಮ ಫೋಟೋದಲ್ಲಿ," ಅಂದ.

ನಿಯಮ ಮಾಡುವ ಕಾಲ ಬಂದಾಗ ಅವಳು ಅಧ್ಯಕ್ಷರಿಗೆ ಮಾತು ನೆನಪಿಸಿದಳು. ಅವರು ನೆನಪಿದೆ ಅಂದರು. ಮತ್ತೆ ನೆನಪಿಸಿದಳು. "ಒಕ್ಕೂಟದ ಹೆಸರಲ್ಲಿ ಅದನ್ನ ಈಗ ಎತ್ತೋದು ಬೇಡಮ್ಮ," ಅಂದರು. ಮೂರನೇ ಸಲ ಕೇಳುವ ಬದಲು ಅವಳು ರಾಜೀನಾಮೆ ಕೊಟ್ಟಳು. ಅವರು ಬೇಡ ಅನ್ನಲಿಲ್ಲ. ಒಳ್ಳೆಯ ಮಾತಾಡಿಯೇ ಕಳಿಸಿಕೊಟ್ಟರು.

ಗೈಡುಗಳದೇ ಒಂದು ಸಂಘ ಕಟ್ಟೋಣ ಅಂತ ಊರಿಗೆ ಹೋದಳು. ಬಸ್‌ಸ್ಟ್ಯಾಂಡ್ ಪಕ್ಕದ ಶಾಲೆಯ ಕೋಣೆ ಕೇಳಿ ಪಡೆದು, ಬೆಂಚುಗಳನ್ನು ತಾನೇ ಒರೆಸಿ ಕಾದಳು. ಮೂವರು ಬಂದರು. ಇಬ್ಬರು ಬಂದಿದ್ದು ಯಾವುದಾದರೂ ಸಂಸ್ಥೆಯಲ್ಲಿ ತಮಗೆ ನೌಕರಿ ಕೊಡಿಸಬಹುದೇ ಅಂತ ಕೇಳುವುದಕ್ಕೆ. ಇನ್ನೊಬ್ಬ ಸುಮ್ಮನೆ ಅವಳ ಮುಖ ನೋಡಿಕೊಂಡು ಕೂತಿದ್ದು ಎದ್ದು ಹೋದ. ಅಣ್ಣನ ಮನೆಗೆ ಹೋದರೆ ಅತ್ತಿಗೆ ಬಾಗಿಲಿಗೆ ಅಡ್ಡವಾಗಿ ನಿಂತಳು. "ಅವರು ಮಲಗಿದ್ದಾರೆ," ಅಂದಳು. ಒಳಗೆ ರೇಡಿಯೋ ಹಾಡುತ್ತಿತ್ತು. "ಎಬ್ಬಿಸ್ಬೇಡಿ ಅತ್ತಿಗೆ, ಆಮೇಲೆ ಬರ್ತೀನಿ," ಅಂದಳು ಇವಳು. "ಆಮೇಲೂ ಮಲಗಿರ್ತಾರೆ," ಅಂದಳು ಅತ್ತಿಗೆ.

ಆದರೂ ಬಿಡಲಿಲ್ಲ. ಮತ್ತೆ ಮೂರನೇ ಮಹಡಿಗೆ ಹೋದಳು, ಒಬ್ಬಳೇ. ಒಂದು ವರ್ಷಕ್ಕೂ ಹೆಚ್ಚು ಹಾಗೆ ಅಲೆದಳು. ಆಗ ಅವಳಿಗೊಂದು ವಿಷಯ ತಿಳಿಯಿತು. ಇಷ್ಟು ವರ್ಷ ಆ ಬಾಗಿಲು ತೆರೆದಿದ್ದು ತನ್ನ ಮಾತಿಗಲ್ಲ. ಜವಾನ ಈಗಲೂ ನಗುತ್ತಿದ್ದ, ನೀರು ತಂದು ಕೊಡುತ್ತಿದ್ದ. ಒಳಗೆ ಹೆಸರು ಹೇಳಲು ಮಾತ್ರ ಹೋಗುತ್ತಿರಲಿಲ್ಲ. ಅವಳ ಜಾಗಕ್ಕೆ ಒಕ್ಕೂಟ ತೆಗೆದುಕೊಂಡಿದ್ದ ಹೊಸ ಕಾರ್ಯದರ್ಶಿ ಬೂಟು ಟಕಟಕ ಅನ್ನಿಸುತ್ತಾ ಬಂದು, ಬೆಂಚಿನ ಕಡೆ ತಿರುಗಿಯೂ ನೋಡದೆ ಸೀದಾ ಒಳಕ್ಕೆ ಹೋಗುತ್ತಿದ್ದ. ಕೊನೆಗೆ ಅಧೀನ ಕಾರ್ಯದರ್ಶಿಯೇ ಅವಳನ್ನು ತನ್ನ ಕೋಣೆಗೆ ಕರೆದು ಕೂರಿಸಿದಳು.

"ಬೇಜಾರು ಮಾಡ್ಕೋಬೇಡಿ, ಒಂದು ಕೇಳ್ತೀನಿ. ನೀವು ಈಗ ಯಾರ ಪರವಾಗಿ ಬರ್ತಿದ್ದೀರಿ?"

"ಗೈಡುಗಳ ಪರವಾಗಿ."

"ಗೈಡುಗಳು ಒಕ್ಕೂಟದ ಸದಸ್ಯರು. ಅವರ ಪರವಾಗಿ ಒಕ್ಕೂಟ ಮಾತಾಡಿ ಆಯ್ತು. ಕಡತದಲ್ಲಿ ಒಪ್ಪಿಗೆ ಇದೆ. ನಿಮ್ಮದೇ." ಆಕೆ ದನಿ ತಗ್ಗಿಸಿದಳು. "ಅವತ್ತು ನೀವು ಒಂದು ಮಾತು ಬೇಡ ಅಂದಿದ್ರೆ ಮಂತ್ರಿ ಆ ಕಲಮು ಎತ್ತಿ ಹಾಕ್ತಿದ್ರು. ಮಸೂದೆ ನಿಲ್ತಾ ಇರ್ಲಿಲ್ಲ. ಅಷ್ಟು ಮುಂದೆ ಬಂದಿದ್ದನ್ನ ಯಾರು ನಿಲ್ಲಿಸ್ತಾರೆ? ನಾನು ಕಣ್ಣಲ್ಲೇ ಎಷ್ಟು ಹೇಳ್ದೆ ನಿಮಗೆ."

ಅವಳು ಕೃತಜ್ಞತೆ ಹೇಳಿ ಎದ್ದಳು. ಮತ್ತೆ ಆ ಮಹಡಿ ಹತ್ತಲಿಲ್ಲ. ಹೊಟ್ಟೆಪಾಡಿಗೆ ಹೋಟೆಲು ಹುಡುಗರಿಗೆ ಭಾಷೆ ಕಲಿಸುವ ಒಂದು ಶಾಲೆ ಸೇರಿದಳು. "ಕ್ಷಮಿಸಿ," "ಇನ್ನೇನಾದರೂ ಬೇಕೇ?" "ನಿಮ್ಮ ಪ್ರಯಾಣ ಸುಖಕರವಾಗಿರಲಿ": ಇವನ್ನು ನಾಲ್ಕು ಭಾಷೆಯಲ್ಲಿ ಹೇಳಿಸುವುದು. ಪ್ರವಾಸಿಗಳು ಹಿಂದೆಂದೂ ಬಾರದಷ್ಟು ಬರುತ್ತಿದ್ದರು. ಹೋಟೆಲುಗಳು ಏಳುತ್ತಲೇ ಇದ್ದವು. ಅಧ್ಯಕ್ಷರಿಗೆ ಸರ್ಕಾರ ಒಂದು ಪ್ರಶಸ್ತಿ ಕೊಟ್ಟಿತು.

ಅಣ್ಣನಿಗೆ ಕೆಲಸ ಸಿಕ್ಕಿದೆ ಅಂತ ಗಂಡನಿಗೆ ಯಾರೋ ಹೇಳಿದರು. ಕೋಟೆ ಬುಡದಲ್ಲೇ ಎದ್ದ ಅಧ್ಯಕ್ಷರ ಹೊಸ ಹೋಟೆಲಿನಲ್ಲಿ. ಎರಡು ತಿಂಗಳು ತಡೆದುಕೊಂಡು ಅವಳು ಒಂದು ದಿನ ನೋಡಲು ಹೋದಳು. ಗಾಜಿನ ಬಾಗಿಲ ಪಕ್ಕದಲ್ಲಿ ಹಳೇ ಕಾಲದ ಸೈನಿಕನ ವೇಷದಲ್ಲಿ ಅಣ್ಣ ನಿಂತಿದ್ದ. ತಲೆಗೆ ತಗಡಿನ ಟೋಪಿ, ಮೈಗೆ ಕೆಂಪು ಅಂಗಿ, ಕೈಯಲ್ಲಿ ಬಣ್ಣ ಬಳಿದ ಮರದ ಈಟಿ. ಮಡಚದ ಕಾಲು ಅಲ್ಲಿ ದೋಷವಾಗಿರಲಿಲ್ಲ. ನೆಟ್ಟಗೆ ನಿಲ್ಲುವುದೇ ಕೆಲಸ. ಬಂದವರು ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬಾಕೆ ಗುಡ್ಡದ ಕಡೆ ಬೆರಳು ಮಾಡಿ ಏನೋ ಕೇಳಿದಳು. ಅಣ್ಣನ ತುಟಿ ಅಲ್ಲಾಡಿತು, ಅಷ್ಟೇ. ತಲೆ ಅಡ್ಡಡ್ಡ ಆಡಿಸಿ, ಒಳಗಿನ ಕೌಂಟರಿನ ಕಡೆ ಕೈ ತೋರಿಸಿದ. ವೇಷ ಹಾಕಿದವರು ಅತಿಥಿಗಳ ಜೊತೆ ಮಾತಾಡಬಾರದು ಅಂತ ಅಲ್ಲಿನ ಕಟ್ಟಪ್ಪಣೆ ಅಂತ ಅವಳಿಗೆ ಆಮೇಲೆ ತಿಳಿಯಿತು. ಸ್ವಾಗತದ ಎರಡು ಮಾತು ಬಿಟ್ಟು.

ಅವಳು ಮೆಟ್ಟಿಲು ಹತ್ತಿ ಅವನ ಎದುರಿಗೆ ನಿಂತಳು. "ಅಣ್ಣ," ಅಂದಳು.

ಅವನು ಅವಳನ್ನು ಪೂರ್ತಿ ನೋಡಿದ. ಗುರುತು ಸಿಗದವನ ನೋಟವಲ್ಲ ಅದು. ಕೂದಲು ನರೆತಿದ್ದನ್ನೂ ಗಮನಿಸಿದ, ಹೆಗಲ ಚೀಲ ಹಳತಾದದ್ದನ್ನೂ ಗಮನಿಸಿದ. ಆಮೇಲೆ ಈಟಿಯನ್ನು ಎಡಗೈಗೆ ಬದಲಾಯಿಸಿ, ಬಲಗೈಯಿಂದ ಗಾಜಿನ ಬಾಗಿಲು ತಳ್ಳಿ ಹಿಡಿದ.

"ಸ್ವಾಗತ ಮೇಡಂ. ಒಳಗೆ ಬನ್ನಿ," ಅಂದ.

ಒಳಗಿನಿಂದ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಹಿಂದೆ ಒಂದು ಸಂಸಾರ ಪೆಟ್ಟಿಗೆಗಳನ್ನು ಎಳೆದುಕೊಂಡು ಬಂದು ನಿಂತಿತ್ತು. ದಾರಿಗೆ ಅಡ್ಡವಾದೆ ಅಂತ ಅವಳು ಪಕ್ಕಕ್ಕೆ ಸರಿದಳು. ಅವನು ಅವರಿಗೂ ಬಾಗಿಲು ಹಿಡಿದ, ಅವರಿಗೂ ಅದೇ ಮಾತು ಹೇಳಿದ. ಅವಳು ಒಳಗೆ ಹೋಗದೆ ಮೆಟ್ಟಿಲಿಳಿದು, ಸಂಜೆಯ ಬಸ್ಸು ಹಿಡಿದಳು.

ಗಂಡ ಬಾಗಿಲು ತೆಗೆಯುತ್ತಲೇ ಕೇಳಿದ, "ಸಿಕ್ಕಿದ್ನಾ? ಮಾತಾಡಿದ್ನಾ?"

"ಹೂಂ."

"ಏನಂದ?"

"ಒಳಗೆ ಬನ್ನಿ ಅಂದ."

"ಅಬ್ಬ, ಸದ್ಯ! ಇಷ್ಟು ವರ್ಷದ ಮೇಲೆ ಬಾಯಿಬಿಟ್ಟು ಕರೆದನಲ್ಲ, ಅಷ್ಟು ಸಾಕು," ಅಂದ ಆ ಸಾಧು ಮನುಷ್ಯ, ಮುಖ ಅರಳಿಸಿಕೊಂಡು. ಅವಳು ಚೀಲ ಕೆಳಗಿಟ್ಟು, ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು.